ಸಾಲಿನ ಕೊನೆಗೊಬ್ಬರು

ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಚಟ್ಟದ ಬಿದಿರಿಗೆ ಬಿಗಿಯುತ್ತಲೇ ರೇವಣ್ಣ ಆ ಮಾತು ಆಡಿದ. ಅರ್ಧ ಮಾತನ್ನು ಹಗ್ಗವೇ ನುಂಗಿತು. ಆದರೂ ಹೂವಿನ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಆಶಾಳಿಗೆ ಕೇಳಬೇಕಾದ್ದು ಕೇಳಿತು.

“ಈ ಸಲ ಕೊಟ್ಟೂರಿಗೆ ನೀನು ಬಸ್ಸಿಗೆ ಬಂದುಬಿಡಮ್ಮ.”

“ಬಸ್ಸಿಗಾ?”

“ಮತ್ತೆ? ನಾಡಿದ್ದು ಬೆಳಿಗ್ಗೆ ನಾವು ಹೊರಡೋದೇ. ನಿನ್ನ ಜೊತೆ ಹಿಂದೆ ಯಾರು ಬರ್ತಾರೆ, ಹೇಳು. ಬರೋನು ಒಳಗೆ ಮಲಗ್ಯಾನೆ.”

ಒಳಗೆ ಮಲಗಿದ್ದವನು ಗಾದ್ರಪ್ಪ. ಗೋವಿನಕೋವಿಯ ಹಾಲಿನ ಡೇರಿಯಲ್ಲಿ ಹಾಲು ಅಳೆಯುತ್ತಿದ್ದವನು. ನಿನ್ನೆ ಸಂಜೆ ಅಳೆಯುತ್ತಾ ಕೂತಲ್ಲೇ ಗೋಡೆಗೆ ಒರಗಿದ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರು ಮುದುಕನಿಗೆ ಜೊಂಪು ಹತ್ತಿರಬೇಕೆಂದು ಸ್ವಲ್ಪ ಹೊತ್ತು ಕಾದರು. ಯಾರಿಗೂ ತೊಂದರೆ ಕೊಡದೆ ಹೋಗಬೇಕೆಂದು ಎಲ್ಲರೂ ಹೇಳುತ್ತಾರೆ. ಗಾದ್ರಪ್ಪ ಅಷ್ಟನ್ನೂ ಹೇಳದೆ ಹೋದ.

ಪ್ರತಿ ವರ್ಷ ಮಾಘದಲ್ಲಿ ಗೋವಿನಕೋವಿಯಿಂದ ಒಂದು ನಲವತ್ತು ಜನ ಕೊಟ್ಟೂರಿನ ತೇರಿಗೆ ನಡೆದು ಹೋಗುತ್ತಾರೆ. ನಡೆದು ಹೋಗುವುದೆಂದರೆ ಕಾಡು, ಬೆಟ್ಟ, ಹಕ್ಕಿಗಳ ಚಿಲಿಪಿಲಿ ಎಂದು ಯಾರಾದರೂ ತಿಳಿದರೆ ಅವರು ಆ ದಾರಿ ತುಳಿದಿಲ್ಲ ಎಂದೇ ಅರ್ಥ. ಹೊನ್ನಾಳಿ ದಾಟುವವರೆಗೆ ಟಿಪ್ಪರುಗಳ ಧೂಳು, ಆಮೇಲೆ ಭತ್ತದ ಲಾರಿಗಳ ಹೊಟ್ಟು. ದಾವಣಗೆರೆ ಹತ್ತಿರವಾದಂತೆ ಗುಜರಿ ಅಂಗಡಿ, ಕಲ್ಯಾಣ ಮಂಟಪ, ಕೊನೆಯೇ ಇಲ್ಲದ ಲೇಔಟುಗಳು. ಮಧ್ಯೆ ಬೈಪಾಸು ದಾಟಬೇಕು. ದೇವರ ಹೆಸರು ಹೇಳಿದರೆ ಅಲ್ಲಿ ಯಾವ ಕಾರೂ ನಿಲ್ಲುವುದಿಲ್ಲ, ಕೈ ಅಡ್ಡ ಹಿಡಿದರೆ ನಿಂತರೂ ನಿಲ್ಲಬಹುದು.

ಸಾಲಿನ ಮುಂದೆ ಬಾವುಟ ಹಿಡಿದು ರೇವಣ್ಣ. ಹಾಸಿಗೆ, ಪಾತ್ರೆ ಹೊತ್ತ ಟೆಂಪೋದಲ್ಲಿ ಹೊನ್ನಾಳಿಯ ಬುಡನ್‌ಸಾಬ್, ಸಂಜೆಯ ಅಡುಗೆಯೂ ಅವನದೇ. ಎಲ್ಲರಿಗಿಂತ ಹಿಂದೆ ಗಾದ್ರಪ್ಪ. ಹಿಂದೆ ನಡಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಚಪ್ಪಲಿ ಕಿತ್ತವರು, ಹೊಟ್ಟೆ ಹಿಡಿದುಕೊಂಡವರು, ಫೋನಿನಲ್ಲಿ ಮನೆಯವರ ಜೊತೆ ಜಗಳ ಆಡುತ್ತಾ ನಿಂತುಬಿಟ್ಟವರು, ಎಲ್ಲರೂ ಕೊನೆಗೆ ಅವನ ಪಾಲಿಗೇ ಬರುತ್ತಿದ್ದರು. ಅವನು ಸಂಜೆ ತಂಗುವ ಜಾಗಕ್ಕೆ ಬಂದು ಮುಟ್ಟಿದನೆಂದರೆ ಎಲ್ಲರೂ ಮುಟ್ಟಿದಂತೆ. ಆಮೇಲೆಯೇ ಅನ್ನಕ್ಕೆ ಕೂರುತ್ತಿದ್ದರು.

ಆಶಾ ಅವನ ಮನೆಯಿಂದ ಎರಡು ಮನೆ ಆಚೆಯವಳು. ಸಣ್ಣವಳಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಮೂರು ವರ್ಷದ ಹಿಂದೆ ತಾನೂ ನಡೆದು ಬರುತ್ತೇನೆ ಎಂದಾಗ ರೇವಣ್ಣ ಖಡಾಖಂಡಿತವಾಗಿ ಆಗದು ಎಂದಿದ್ದ. ಗಾದ್ರಪ್ಪ ಎಲೆಯಡಿಕೆ ಉಗಿದು ಬಂದು, “ಅವಳು ನನ್ನ ಜೊತೆ ಬರ್ತಾಳೆ ಬಿಡೋ. ನಂಗೂ ಮಾತಾಡಾಕೆ ಒಬ್ರು ಬೇಕು” ಅಂದಿದ್ದ. ಅಲ್ಲಿಗೆ ಅದು ಮುಗಿದಿತ್ತು.

ಆ ನಡಿಗೆ ಆಶಾಳಿಗೆ ಏನಾಗಿತ್ತೆಂದು ಊರಿನವರಿಗೆ ಗೊತ್ತಿರಲಿಲ್ಲ. ವರ್ಷವಿಡೀ ಅವಳು ರಸ್ತೆಗಿಳಿದರೆ ಸಾಕು, ಒಂದಲ್ಲ ಒಂದು ಬೈಕು ಪಕ್ಕದಲ್ಲಿ ನಿಲ್ಲುತ್ತಿತ್ತು. “ಹತ್ತಮ್ಮ, ಬಿಟ್ಟು ಬರ್ತೀವಿ.” ಒಳ್ಳೆಯ ಮನಸ್ಸಿನಿಂದಲೇ ಕರೆಯುತ್ತಿದ್ದರು. ಹತ್ತದಿದ್ದರೆ ಅಹಂಕಾರ ಅನ್ನುತ್ತಿದ್ದರು. ಕೊಟ್ಟೂರಿನ ದಾರಿಯಲ್ಲಿ ಮಾತ್ರ ಯಾರೂ ಹತ್ತು ಎನ್ನುವಂತಿರಲಿಲ್ಲ. ಆ ನಾಲ್ಕು ದಿನ ಅವಳು ಎಲ್ಲರಂತೆ ಕಾಲು ನೋಯಿಸಿಕೊಂಡು, ಎಲ್ಲರಂತೆ ಕಾಲನ್ನು ಬೈದುಕೊಂಡು ನಡೆಯುತ್ತಿದ್ದಳು. ಅದಕ್ಕಿಂತ ದೊಡ್ಡ ಸುಖ ಅವಳಿಗೆ ಗೊತ್ತಿರಲಿಲ್ಲ.

ಈಗ ರೇವಣ್ಣ ಬಸ್ಸು ಅನ್ನುತ್ತಿದ್ದಾನೆ. ಅವನು ಕೆಟ್ಟವನಲ್ಲ. ಹೋದ ವರ್ಷ ಬೈಪಾಸಿನಲ್ಲಿ ಒಂದು ಲಾರಿ ಸಾಲಿನ ಹಿಂಭಾಗಕ್ಕೆ ತೀರಾ ಹತ್ತಿರ ಬಂದು ಹೋದಾಗಿನಿಂದ ಅವನಿಗೆ ಹೆದರಿಕೆ ಹತ್ತಿತ್ತು. ಅವತ್ತು ಗಾದ್ರಪ್ಪ ಇದ್ದ, ಆಶಾಳನ್ನು ತೋಳು ಹಿಡಿದು ಎಳೆದುಕೊಂಡ. ಈ ವರ್ಷ ಯಾರಿದ್ದಾರೆ?

“ನಾನೊಬ್ಳೇ ನೋಡ್ಕಂಡು ಬರ್ತೀನಿ, ರೇವಣ್ಣಾ.”

“ಅದೆಲ್ಲ ಆಗಲ್ಲ. ಏನಾದ್ರೂ ಆದ್ರೆ ನಾನು ಯಾವ ಮುಖ ಇಟ್ಕಂಡು ಊರಿಗೆ ಬರಲಿ?” ಎಂದು ರೇವಣ್ಣ ಗಂಟನ್ನು ಇನ್ನಷ್ಟು ಬಿಗಿದ.

*

ಮೊದಲ ವರ್ಷ ದಾವಣಗೆರೆಯ ಲೇಔಟಿನಲ್ಲಿ ಅವರಿಬ್ಬರೂ ದಾರಿ ತಪ್ಪಿದ್ದರು.

ತಿರುವು ಬಂದಲ್ಲೆಲ್ಲ ಮುಂದಿನವರು ಕರೆಂಟಿನ ಕಂಬಕ್ಕೆ ವಿಭೂತಿ ಎಳೆದು ಹೋಗುವುದು ಆ ತಂಡದ ಪದ್ಧತಿ. ಯಾವ ರಸ್ತೆಯ ಮೊದಲ ಕಂಬಕ್ಕೆ ವಿಭೂತಿ ಇದೆಯೋ ಆ ರಸ್ತೆಗೆ ತಿರುಗಬೇಕು. ಹಿಂದಿನವರಿಗೆ ಅಷ್ಟೇ ಗುರುತು. ಮೊಬೈಲು ಬಂದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಗಾದ್ರಪ್ಪನ ಬಳಿ ಮೊಬೈಲು ಇತ್ತು, ಆದರೆ ಅದು ಟೆಂಪೋದಲ್ಲಿ ಹಾಸಿಗೆಯ ಒಳಗೆ ಕ್ಷೇಮವಾಗಿತ್ತು. ಆಶಾಳದು ಮಧ್ಯಾಹ್ನವೇ ಚಾರ್ಜು ಮುಗಿದು ಕೂತಿತ್ತು.

ವಿಭೂತಿಯ ಕಂಬ ನೋಡಿ ಇಬ್ಬರೂ ಬಲಕ್ಕೆ ತಿರುಗಿದರು. ಮುಂದಿನ ತಿರುವಿನಲ್ಲೂ ವಿಭೂತಿ, ಮತ್ತೆ ಬಲಕ್ಕೆ. ಅದರ ಮುಂದೆಯೂ ವಿಭೂತಿ. ಒಂದೇ ತರಹದ ಮನೆಗಳು, ಒಂದೇ ತರಹದ ಗೇಟುಗಳು, ಪ್ರತಿ ಗೇಟಿನ ಒಳಗೂ ಒಂದು ನಾಯಿ. ಮೂರನೇ ಸಲ ಅದೇ ಹಸಿರು ನೀರಿನ ಟ್ಯಾಂಕು ಕಂಡಾಗ ಆಶಾಳಿಗೆ ಅಳು ಬಂತು.

“ನನ್ನ ಕಾಲಿಂದ ನಿಮಗೂ ತಡ ಆತು ದೊಡ್ಡಪ್ಪ. ಅವರೆಲ್ಲ ಉಣ್ಣದಂಗೆ ಕಾಯ್ತಿರ್ತಾರೆ.”

“ಕಾಯ್ಲಿ ಬಿಡು. ಬುಡನ್‌ಸಾಬನ ಸಾರು ಎಷ್ಟು ಕುದ್ರೆ ಅಷ್ಟು ಒಳ್ಳೇದು. ಈಗಿಂದೀಗ ಉಂಡ್ರೆ ನೀರಂಗಿರ್ತೈತೆ” ಎಂದ ಗಾದ್ರಪ್ಪ ಫುಟ್‌ಪಾತಿನ ಮೇಲೆ ಕೂತು ಅವಳನ್ನೂ ಕೂರಿಸಿದ.

ಆಗ ಎದುರು ಮನೆಯ ಹೆಂಗಸೊಬ್ಬಳು ತಟ್ಟೆ ಹಿಡಿದು ಹೊರಗೆ ಬಂದಳು. ನೇರವಾಗಿ ಕಂಬಕ್ಕೆ ಹೋಗಿ ವಿಭೂತಿ ಬಳಿದು, ಒಂದು ಸೇವಂತಿಗೆ ಇಟ್ಟು ಕೈ ಮುಗಿದಳು. ಗಾದ್ರಪ್ಪ ಎದ್ದು ಹೋಗಿ ಇದೇನು ತಾಯಿ ಎಂದು ಕೇಳಿದ.

“ಮಧ್ಯಾಹ್ನ ಯಾರೋ ಸ್ವಾಮಿಗಳು ಮೂಲೆ ಕಂಬಕ್ಕೆ ಹಚ್ಚಿ ಹೋದ್ರಂತೆ ರೀ. ನಮ್ಮ ಲೇಔಟಿಗೆ ಬರೀ ಟ್ರಾನ್ಸ್‌ಫಾರ್ಮರ್ ತೊಂದ್ರೆ. ಒಳ್ಳೇದಾಗ್ಲಿ ಅಂತ ನಾವೂ ಎಲ್ಲಾ ಕಂಬಕ್ಕೂ ಹಚ್ಚಿವಿ.”

ಆ ಸ್ವಾಮಿಗಳು ಬಾವುಟ ಹಿಡಿದ ರೇವಣ್ಣ ಎಂದು ಗಾದ್ರಪ್ಪ ಹೇಳಲಿಲ್ಲ. ಆ ಹೆಂಗಸಿನ ಮುಖ ನೋಡಿ ತಾನೂ ಕಂಬಕ್ಕೆ ಕೈ ಮುಗಿದ. ಅವಳು ಇಬ್ಬರಿಗೂ ಚಹಾ ಕೊಟ್ಟು, ದೊಡ್ಡ ರಸ್ತೆಯವರೆಗೆ ಜೊತೆಗೆ ಬಂದು ದಾರಿ ತೋರಿಸಿದಳು. ಆಮೇಲೆ ಆಶಾ ನಗಲು ಶುರುಮಾಡಿದವಳು ಬೈಪಾಸಿನವರೆಗೂ ನಿಲ್ಲಿಸಲಿಲ್ಲ.

“ದೊಡ್ಡಪ್ಪ, ನಿಮಗೆ ಮುಂದೆ ಹೋಗಬೇಕು ಅನ್ನಿಸಲ್ವಾ?”

“ಮುಂದೆ ಏನೈತೆ? ಬರೀ ರೋಡು. ಹಿಂದೆ ಇದ್ರೆ ನಮ್ಮ ಊರೋರು ಕಾಣ್ತಾರೆ.”

ಅಂದು ಅವರು ತಂಗುವ ಶಾಲೆಗೆ ತಲುಪಿದಾಗ ನಲವತ್ತು ಜನ ತಟ್ಟೆ ಮುಂದಿಟ್ಟುಕೊಂಡು ಮುಖ ಊದಿಸಿ ಕೂತಿದ್ದರು. ಯಾಕೆ ತಡ ಎಂದು ರೇವಣ್ಣ ಗದರಿದ. ನನ್ನ ಮಂಡಿ ಹಿಡಿದುಕೊಂಡಿತ್ತು ಎಂದ ಗಾದ್ರಪ್ಪ ಕುಂಟುತ್ತಾ ಹೋಗಿ ಕೈ ತೊಳೆದ. ಅವನ ಮಂಡಿಗೆ ಏನೂ ಆಗಿರಲಿಲ್ಲ.

*

ಬುಡನ್‌ಸಾಬ್ ಹೊನ್ನಾಳಿಯಿಂದ ಟೆಂಪೋ ತೆಗೆದುಕೊಂಡೇ ಬಂದ. ಒಳಗೆ ಹೋಗಿ ಗಾದ್ರಪ್ಪನ ಕಾಲ ಬಳಿ ನಿಂತು, ಗಂಡಸರು ಅಳಬಾರದೆನ್ನುವವರನ್ನೆಲ್ಲ ಮರೆತು ಗೊಳೋ ಎಂದು ಅತ್ತ. “ಇಷ್ಟು ವರ್ಷದಾಗೆ ಒಂದ್ಸಲನೂ ನನ್ನ ಗಾಡಿ ಹತ್ತಲಿಲ್ಲಲ್ಲ ಮಾರಾಯ. ಜ್ವರ ಬಂದಾಗ್ಲೂ ಕರೆದೆ. ಬರಲಿಲ್ಲ.”

ಹೊರಗೆ ಬಂದು ಮುಖ ಒರೆಸಿಕೊಂಡು ರೇವಣ್ಣನಿಗೆ ಹೇಳಿದ. “ಮಣ್ಣು ಮಾಡೋ ಹೊಲ ಇರೋದು ಹೊನ್ನಾಳಿ ರೋಡಿಗೆ. ಟಿಪ್ಪರ್ ಗಾಡಿಗಳು ಸಿಕ್ಕಾಪಟ್ಟೆ ಅದಾವೆ ಇವತ್ತು. ಟೆಂಪೋದಾಗೆ ಇಟ್ಕಂಡು ಹೋಗಾಣ.”

ರೇವಣ್ಣನಿಗೂ ಅದೇ ಸರಿ ಎನಿಸಿತು. ಆದರೆ ಹೆಂಗಸರ ನಡುವೆ ಕೂತಿದ್ದ ಗಾದ್ರಪ್ಪನ ಹೆಂಡತಿ ಅಜ್ಜಮ್ಮ ತಲೆ ಎತ್ತಿದಳು.

“ಗಾಡಿ ಬ್ಯಾಡ. ಹೆಗಲ ಮೇಲೆ ಹೋಗ್ಲಿ.”

“ಅಜ್ಜಮ್ಮಾ, ರೋಡು ಸರಿ ಇಲ್ಲ...”

“ರೋಡು ಯಾವತ್ತು ಸರಿ ಇತ್ತು? ಕೇಳು ಇಲ್ಲಿ. ಮದುವೆ ಆದ ಹೊಸದ್ರಲ್ಲಿ ಇವ್ರು ಹೆಂಗೆ ನಡೀತಿದ್ರು ಗೊತ್ತೇನು? ಕುದ್ರೆ ಹಂಗೆ. ನನ್ನ ಬಿಟ್ಟು ಅರ್ಧ ಊರು ಮುಂದೆ. ದೊಡ್ಡ ಮಗಳು ಹೊಟ್ಟೇಲಿದ್ದಾಗ ನ್ಯಾಮತಿ ಸಂತೆಗೆ ಹೊರಟ್ವಿ. ನಂಗೆ ತಲೆ ಸುತ್ತಿ ಚಾನಲ್ ದಂಡೆ ಮೇಲೆ ಕುಂತೆ. ಇವ್ರು ಸಂತೆ ಮುಟ್ಟಿ, ಉಳ್ಳಾಗಡ್ಡಿ ತಗಂಡು, ಚೀಲ ಹಿಡಿ ಅಂತ ಹಿಂದೆ ತಿರುಗಿದ್ರೆ ನಾನಿಲ್ಲ.” ಅಜ್ಜಮ್ಮ ಅಷ್ಟು ದುಃಖದಲ್ಲೂ ನಕ್ಕುಬಿಟ್ಟಳು. “ಓಡಿ ಬಂದ್ರು. ತಪ್ಪಾತು ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಅವತ್ತಿಂದ ಎಲ್ಲಿಗೆ ಹೋದ್ರೂ ನನ್ನ ಹಿಂದೆನೇ. ಅದೇ ರೂಢಿ ಆತು. ಅಂಥೋರನ್ನ ಕೊನೇ ದಿನ ಗಾಡಿಗೆ ಹಾಕ್ತೀರಾ?”

ಆಮೇಲೆ ಯಾರೂ ಟೆಂಪೋದ ಮಾತೆತ್ತಲಿಲ್ಲ.

*

ತಮಟೆಯವರು ಮುಂದೆ, ಮಂಡಕ್ಕಿ ಎರಚುವವರು ಅವರ ಹಿಂದೆ, ಆಮೇಲೆ ಚಟ್ಟ. ಹೆಗಲು ಕೊಡಲು ಗಂಡಸರು ಒಬ್ಬರ ಮೇಲೊಬ್ಬರು ಬಿದ್ದರು. ಹಾಲು ಹಾಕುವ ಮನೆಗಳೆಲ್ಲ ಒಂದೊಂದು ಹೆಗಲು ಕಳಿಸಿದ್ದವು. ಜೀವ ಇದ್ದಾಗ ಎಲ್ಲರ ಹಿಂದೆ ನಡೆದವನ ಸುತ್ತ ಈಗ ಊರೇ ನುಗ್ಗುತ್ತಿತ್ತು. ಹೆಂಗಸರು ಅಜ್ಜಮ್ಮನನ್ನು ಹಿಡಿದುಕೊಂಡು ನಿಧಾನ ಬಂದರು. ಅವರಿಗೂ ಒಂದಿಷ್ಟು ಹಿಂದೆ ಆಶಾ, ತನ್ನ ಕಾಲು ಬಿಟ್ಟಷ್ಟು ವೇಗದಲ್ಲಿ.

ಊರು ದಾಟಿ ಹೊನ್ನಾಳಿ ರಸ್ತೆಗೆ ಹತ್ತಿದಾಗ ಹಿಂದಿನಿಂದ ಟಿಪ್ಪರೊಂದು ಹಾರನ್ನು ಹೊಡೆಯಿತು.

ಆಶಾ ರೂಢಿಯಂತೆ ರಸ್ತೆ ಬಿಟ್ಟು ಮಣ್ಣಿಗೆ ಇಳಿದಳು. ಸಣ್ಣಂದಿನಿಂದ ಮಾಡಿದ ಕೆಲಸ ಅದು. ಯಾರಾದರೂ ಅವಸರದಲ್ಲಿ ಬಂದರೆ ಅವಳೇ ಪಕ್ಕಕ್ಕೆ. ಇಳಿದವಳು ಮುಂದೆ ನೋಡಿದಳು. ಅಜ್ಜಮ್ಮ ರಸ್ತೆಯ ನಡುವೆಯೇ, ಹಾರನ್ನು ಕಿವಿಗೆ ಬೀಳದವಳಂತೆ ನಡೆಯುತ್ತಿದ್ದಳು. ಸುತ್ತಲಿನ ಮುದುಕಿಯರಿಗೆ ಎತ್ತ ಸರಿಯಬೇಕೆಂದು ತಿಳಿಯದೆ ಗಲಿಬಿಲಿಯಾಗಿತ್ತು. ಗಂಡಸರೆಲ್ಲ ಚಟ್ಟದ ಸುತ್ತ. ಹಿಂದೆ ನೋಡುವವರು ಒಬ್ಬರೂ ಇರಲಿಲ್ಲ.

ಆಶಾ ಮಣ್ಣಿನಿಂದ ಮತ್ತೆ ಡಾಂಬರಿಗೆ ಹತ್ತಿ, ಟಿಪ್ಪರಿಗೆ ನೇರವಾಗಿ ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿದಳು. ಬ್ರೇಕಿನ ಸದ್ದಿಗೆ ಮುಂದಿದ್ದವರೆಲ್ಲ ತಿರುಗಿದರು.

“ಪಕ್ಕಕ್ಕೆ ಬಾರಮ್ಮಾ!” ಎಂದು ಚಟ್ಟದ ಕೆಳಗಿನಿಂದ ರೇವಣ್ಣ ಕೂಗಿದ.

ಅವಳು ಬರಲಿಲ್ಲ. ಕೈ ಇಳಿಸದೆ, ತಿರುಗಿ, ತನ್ನ ಹೆಜ್ಜೆಯಲ್ಲೇ ನಡೆಯತೊಡಗಿದಳು. ಟಿಪ್ಪರಿನವನು ಇನ್ನೊಂದು ಸಲ ಹಾರನ್ನು ಹೊಡೆದು, ಹೆಣ ಕಂಡು ಸುಮ್ಮನಾದ. ಅವನ ಹಿಂದೆ ಕಬ್ಬಿನ ಟ್ರ್ಯಾಕ್ಟರು ನಿಂತಿತು. ಅದರ ಹಿಂದೆ ಶಿವಮೊಗ್ಗದಿಂದ ಬಂದ ಬಸ್ಸು, ಕಾರುಗಳು, ಮತ್ತೊಂದು ಟಿಪ್ಪರು. ಯಾರಿಗೂ ಅವಳನ್ನು ದಾಟಿ ಹೋಗುವ ಧೈರ್ಯ ಬರಲಿಲ್ಲ.

ಬಸ್ಸಿನಿಂದ ಕೆಲವರು ಇಳಿದು ಬಂದರು. ಯಾರು ತೀರಿಕೊಂಡರೆಂದು ಕೇಳಿದರು. ಡೇರಿ ಗಾದ್ರಪ್ಪ ಎಂದಳು ಆಶಾ. “ಕೊಟ್ಟೂರಿಗೆ ನಡೀತಿದ್ರಲ್ಲ, ಹಿಂದೆ ಹಿಂದೆ, ಅವ್ರಾ?” ಎಂದು ಒಬ್ಬ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಅವಳ ಕಾಲು ನೋಡಿ ಮರ್ಯಾದೆಗೆ, “ನೀವು ನಡೀರಿ ಅಕ್ಕಾ, ನಾವು ಹಿಂದೆ ಬರ್ತೀವಿ” ಎಂದ.

“ಬ್ಯಾಡ್ರಿ. ನೀವು ಮುಂದೆ ನಡೀರಿ. ಹಿಂದೆ ನಾನಿದೀನಿ.”

ಅವರು ಒಬ್ಬೊಬ್ಬರಾಗಿ ಅವಳನ್ನು ದಾಟಿ ಹೋದರು.

ಹೆಗಲು ಬದಲಿಸುವಾಗ ರೇವಣ್ಣ ಚಟ್ಟ ಬೇರೆಯವರಿಗೆ ಬಿಟ್ಟು ಹಿಂದಕ್ಕೆ ಬಂದ. ಬೆವರು ಸುರಿಯುತ್ತಿತ್ತು. ಅವಳ ಹಿಂದೆ ತಿರುವಿನವರೆಗೂ ನಿಂತ ಗಾಡಿಗಳನ್ನು ನೋಡಿದ.

“ನಾನು ನಿಲ್ತೀನಿ ಇಲ್ಲಿ. ನೀನು ಹೋಗಮ್ಮ ಮುಂದೆ.”

ಆಶಾ ತಲೆ ಅಲ್ಲಾಡಿಸಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈ ಮಾತ್ರ ಅಡ್ಡ ಹಿಡಿದಂತೆಯೇ ಇತ್ತು.

ರೇವಣ್ಣ ಸ್ವಲ್ಪ ಹೊತ್ತು ಅವಳ ಜೊತೆ ಹೆಜ್ಜೆ ಹಾಕಿದ. ಆ ಹೆಜ್ಜೆಗೆ ಹೊಂದಿಕೊಳ್ಳಲು ಅವನು ಎರಡು ಸಲ ತಡವರಿಸಿದ. ಕೊನೆಗೆ, “ನಾಡಿದ್ದೂ ಹಿಂಗೇ ನೋಡ್ಕಳಮ್ಮ” ಎಂದು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮುಂದಿನ ತಮಟೆಯವರಿಗೆ ಕೂಗಿ ಹೇಳಿದ, “ಸಾವಕಾಶ ನಡೀರೋ! ಹಿಂದಿನೋರು ಬರಬೇಕು.”

ತಮಟೆ ನಿಧಾನವಾಯಿತು. ಚಟ್ಟ ನಿಧಾನವಾಯಿತು. ರೇವಣ್ಣ ಅವಳನ್ನು ದಾಟಿ ಹೋಗುವವರೆಗೆ ಆಶಾ ನಿಂತಳು. ಮುಂದೆ ಊರಿನ ಬೆನ್ನುಗಳೆಲ್ಲ ಒಟ್ಟಿಗೆ ಕಂಡವು. ಅವಳು ಎಡಗಾಲನ್ನು ಎತ್ತಿ ಮುಂದಿಟ್ಟಳು. ಹಿಂದೆ ಟಿಪ್ಪರು ಗುರ್ ಎಂದು ಅವಳ ಒಂದು ಹೆಜ್ಜೆಯಷ್ಟು ಮುಂದಕ್ಕೆ ಬಂದು, ಇನ್ನೊಂದು ಹೆಜ್ಜೆಗೆ ಕಾಯುತ್ತಾ ನಿಂತಿತು.