ಬೀಗ ಹಾಕಿದ ಘಾಟು

"ಮನೇಲಿ ಘಾಟು ಬರೋ ವಸ್ತು ಏನೇನಿದೆಯೋ ಎಲ್ಲ ತೆಗೀರಿ" ಎಂದಿದ್ದರು ಡಾಕ್ಟರು. "ಮುಂದಿನ ವಾರಾನೂ ಎದೆ ಹೀಗೇ ಗೊರಗೊರ ಅಂದ್ರೆ ಮಗೂನ ಆಸ್ಪತ್ರೇಲಿ ಇಟ್ಕೋಬೇಕಾಗುತ್ತೆ."

ಪುಟ್ಟಿಗೆ ಮೂರು ವರ್ಷ. ಅವಳ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡದಿದ್ದರೆ ಅನ್ನ ಗಂಟಲಲ್ಲಿ ಇಳಿಯದ ಸ್ವಭಾವ. ಅಂದೇ ಒಂದು ರಟ್ಟಿನ ಪೆಟ್ಟಿಗೆ ತಂದು ಸೊಳ್ಳೆಬತ್ತಿ, ಫಿನಾಯಿಲ್, ಕಕ್ಕಸು ತೊಳೆಯುವ ಆ್ಯಸಿಡ್, ಜಿರಲೆ ಸ್ಪ್ರೇ ಎಲ್ಲ ತುಂಬಿದಳು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಬಾಗಿಲ ಹಿಂದಿದ್ದ ಅವನ ಥಿನ್ನರ್ ಡಬ್ಬವೂ ಪೆಟ್ಟಿಗೆ ಸೇರಿತು.

ತುಂಬಿದ ಮೇಲೆ ತಲೆನೋವು ಶುರುವಾಯಿತು. ಇದನ್ನು ಹಾಕುವುದೆಲ್ಲಿ? ಮೋರಿಗೆ ಸುರಿದರೆ ನೀರು ಕೆಡುತ್ತದೆ. ಕಸದ ಗಾಡಿಗೆ ಕೊಟ್ಟರೆ ಗಾಡಿಯ ಹೆಂಗಸು ಬರಿಗೈಯಲ್ಲಿ ಮುಟ್ಟುತ್ತಾಳೆ. "ನಮಗೇ ಕೊಡಮ್ಮ, ಸುಮ್ನೆ ಯಾಕೆ ಬಿಸಾಕ್ತೀಯ" ಎಂದು ಪಕ್ಕದ ಮನೆಯಾಕೆ ಕೈ ಚಾಚಿದಳು. ಆದರೆ ಆಕೆಯ ಸೊಸೆ ಬಸುರಿ.

ಪೆಟ್ಟಿಗೆ ಅಡುಗೆಮನೆಗೆ ಹೋಯಿತು, ಅಲ್ಲಿ ಒಲೆ. ಬಾಲ್ಕನಿಗೆ ಹೋಯಿತು, ಅಲ್ಲಿ ಬಿಸಿಲು. ಬಚ್ಚಲಲ್ಲಿ ಪುಟ್ಟಿಯ ಕೈಗೆ ಎಟುಕುತ್ತಿತ್ತು. ಮನೆಯಲ್ಲಿ ಬೀಗವಿದ್ದ ಜಾಗ ಒಂದೇ. ತಾಯಿ ಮಗಳು ಮಲಗುವ ಮಂಚದ ಹಲಗೆ ಎತ್ತಿದರೆ ಕೆಳಗೆ ಹೊದಿಕೆಗಳನ್ನಿಡುವ ಪೊಳ್ಳು. ಸರಿಯಾದ ಜಾಗ ಸಿಗುವವರೆಗೆ ಅಲ್ಲಿರಲಿ ಎಂದು ಪೆಟ್ಟಿಗೆಯನ್ನು ಒಳಗಿಟ್ಟು, ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು.

ಎದೆಯ ಗೊರಗೊರ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬೆಳಗಾಗುವಷ್ಟರಲ್ಲಿ ಮಗುವಿನ ಪಕ್ಕೆಲುಬುಗಳು ಒಳಕ್ಕೆ ಸೆಳೆಯುತ್ತಿದ್ದವು. ಹಗಲು ಅಜ್ಜಿಯ ಜೊತೆ ಪಡಸಾಲೆಯಲ್ಲಿ ಆಡುವಾಗ ಅಷ್ಟಿಲ್ಲ. ಹಾಗಾದರೆ ಕೋಣೆಯಲ್ಲಿ ಏನೋ ಉಳಿದಿದೆ. ಏನು? ಪರದೆ ಬಿಚ್ಚಿ ಒಗೆದಳು. ದಿಂಬು ಬದಲಾಯಿಸಿದಳು. ಧೂಳು ಹಿಡಿಯುತ್ತದೆಂದು ಪುಟ್ಟಿಯ ಬಟ್ಟೆಯ ಮೊಲವನ್ನೂ ಕಸಿದು, ಹಲಗೆಯನ್ನು ಗೇಣಷ್ಟೇ ಎತ್ತಿ ಮಂಚದೊಳಗೆ ತುರುಕಿದಳು. ಮಗು ಸಂಜೆಯವರೆಗೂ ಅತ್ತಿತು. ಆಗಾಗ ಥಿನ್ನರ್ ವಾಸನೆ ಮೂಗಿಗೆ ಬಡಿದಾಗ ಗಂಡನ ಮೇಲೆ ಅನುಮಾನಪಟ್ಟಳು. ಅವನು ಮೆಟ್ಟಿಲ ಮೇಲೇ ಅಂಗಿ ಬದಲಿಸಿ ಒಳಗೆ ಬರಬೇಕಾಯಿತು.

"ಮನೇಲಿ ಇನ್ನು ಉಳಿದಿರೋದು ನಾನು, ನಮ್ಮಮ್ಮ" ಎಂದ ಅವನು. "ಮೊದಲು ಯಾರನ್ನ ಸಾಗಿಸ್ತೀಯ ಹೇಳು."

"ತಮಾಷೆ ಬೇಡ ರೀ. ನಾಡಿದ್ದು ಡಾಕ್ಟರ್ ಹತ್ರ ಹೋಗ್ಬೇಕು. ಎಲ್ಲಾ ತೆಗೆದಾಯ್ತು. ತೆಗೆದಷ್ಟೂ ಜಾಸ್ತಿ ಆಗ್ತಿದೆ. ನಾನೇ ಏನೋ ತಪ್ಪು ಮಾಡ್ತಿದೀನಾ, ಗೊತ್ತಾಗ್ತಿಲ್ಲ."

ಮರುದಿನ ಚಳಿ ಬಿತ್ತು. ಅತ್ತೆ ದಪ್ಪ ಹೊದಿಕೆಗೆಂದು ಕೀಲಿ ಕೇಳಿ ಮಂಚದ ಹಲಗೆ ಎತ್ತಿದವರು ಮೂಗಿಗೆ ಸೆರಗು ಒತ್ತಿಕೊಂಡು ಹಿಂದೆ ಸರಿದರು. ಥಿನ್ನರ್ ಡಬ್ಬದ ಮುಚ್ಚಳ ಸೊಟ್ಟಗಾಗಿತ್ತು. ರಟ್ಟಿನ ತಳ ನೆನೆದು ಕಪ್ಪಾಗಿತ್ತು.

"ಇದೇನೇ ಇದು?"

"ಬೀಗ ಹಾಕಿದ್ದೆ ಅತ್ತೆ. ಮಗು ಮುಟ್ಟಬಾರದು ಅಂತ."

"ಮಗು ಮುಟ್ಟಲಿಲ್ಲ ಸರಿ. ಘಾಟಿಗೆ ಬೀಗದ ಹಂಗೆಲ್ಲಿ? ಊರೆಲ್ಲಾ ಸುತ್ತಿಸಿ ತಂದು ಕೂಸಿನ ಬೆನ್ನಡಿಗೇ ಇಟ್ಟಿದ್ದೀಯಲ್ಲ ತಾಯಿ."

ಅವಳು ಕೀಲಿಯನ್ನು ತೆಗೆದುಕೊಂಡಳು, ಕೆಳಗಿಟ್ಟಳು, ಮತ್ತೆ ತೆಗೆದುಕೊಂಡಳು. ಅತ್ತೆ ಕಿಟಕಿ ತೆರೆದು ಪುಟ್ಟಿಯನ್ನು ಎತ್ತಿಕೊಂಡು ಹೊರಗೆ ಹೋದರು.

ಕೆಲಸದಿಂದ ಬಂದ ಗಂಡ ಬೈಯಲಿಲ್ಲ. ಪೆಟ್ಟಿಗೆಯನ್ನು ಅಗಲ ಬಕೆಟ್ಟಿನೊಳಗೆ ಇಳಿಸಿದ. "ಪುರಸಭೆಯವರದೊಂದು ಶೆಡ್ ಇದೆಯಂತೆ, ಇಂಥವನ್ನೇ ತಗೋತಾರಂತೆ. ಈಗಲೇ ಕೊಟ್ಟು ಬರ್ತೀನಿ."

"ಅಲ್ಲಿ ಕಾವಲಿನವರ ಮನೆ ಇದೆಯಾ? ಮಕ್ಕಳು ಇದಾರಾ?"

"ಹೋಗಿ ನೋಡಿ ಹೇಳ್ತೀನಿ ಮಾರಾಯ್ತಿ" ಎಂದು ಅವನು ಮೆಟ್ಟಿಲಿಳಿದ.

ಆ ರಾತ್ರಿ ಎಲ್ಲರೂ ಪಡಸಾಲೆಯಲ್ಲೇ ಮಲಗಿದರು. ಬೆಳಗಿನ ಜಾವ ಅವಳು ಮಗಳ ಎದೆಗೆ ಕಿವಿಯಿಟ್ಟಳು. ಗೊರಗೊರ ಇತ್ತು, ಆದರೆ ದೂರದಲ್ಲೆಲ್ಲೋ ಇದ್ದ ಹಾಗೆ. ಪಕ್ಕೆ ಒಳಕ್ಕೆ ಸೆಳೆಯುತ್ತಿರಲಿಲ್ಲ. ನಿಜವೋ, ತನ್ನ ಆಸೆಯೋ? ಇನ್ನೊಂದು ಕಿವಿಯನ್ನೂ ಇಟ್ಟಳು.

"ಅಮ್ಮಾ, ನಿನ್ನ ಕಿವಿ ತಣ್ಣಗಿದೆ" ಎಂದಿತು ಮಗು. ಒಂದೇ ಉಸಿರಿಗೆ ಮುಂದುವರಿಸಿತು. "ನನ್ನ ಮೊಲ ಎಲ್ಲಿ?"

ಹಿಂದಿನ ದಿನವೇ ಒಗೆದ ಮೊಲ ಬಾಲ್ಕನಿಯ ಹಗ್ಗಕ್ಕೆ ಕಿವಿ ಕಟ್ಟಿಸಿಕೊಂಡು ನೇತಾಡುತ್ತಿತ್ತು. ಅವಳು ಅದರ ಹೊಟ್ಟೆ ಮೂಸಿದಳು. ಸೋಪಿನ ವಾಸನೆ. ಇನ್ನೊಮ್ಮೆ ಮೂಸಿದಾಗ ಬೇರೇನೋ ಇದ್ದಂತೆ. ಮೂರನೆಯ ಸಲ ಏನೂ ತಿಳಿಯಲಿಲ್ಲ.

"ಅತ್ತೆ, ನೀವೊಂದು ಸಲ ನೋಡಿ. ನನ್ನ ಮೂಗನ್ನ ನಾನು ನಂಬಲ್ಲ."

ಅತ್ತೆ ಮೂಸಿದರು. ಸೊಸೆಯ ಮುಖ ನೋಡಿದರು. "ಇವತ್ತೊಂದು ದಿನ ಬಿಸಿಲಲ್ಲಿರಲಿ" ಎಂದು ಮೊಲವನ್ನು ಮತ್ತೆ ಹಗ್ಗಕ್ಕೆ ಕಟ್ಟಿದರು. "ಅಲ್ಲಿವರೆಗೂ ಕೂಸಿಗೆ ನೀನೇ ಮೊಲ ಆಗು. ನಿನ್ನ ಕಿವಿ ಹೇಗೂ ಯಾವಾಗ್ಲೂ ನೆಟ್ಟಗೇ ಇರುತ್ತೆ."