ಕೊನೆಯ ಸುತ್ತಿನ ಗಂಟೆ

ನಾನು ಒಂದು ಕಂಚಿನ ಗಂಟೆ. ಮಾನಪ್ಪ ಎಂಬ ಕಂಚುಗಾರ ನನ್ನನ್ನು ಎರಕ ಹೊಯ್ದದ್ದು ಗುಡಿಗೆಂದು. ಆದರೆ ನನ್ನ ದನಿ ಮಂಗಳಾರತಿಗೆ ಒಗ್ಗದಷ್ಟು ಒರಟಾಗಿ ಬಂತು, ಗುಡಿಯವರು ಬೇಡವೆಂದರು. ಹಾಗಾಗಿ ಧಾರವಾಡದ ಕಾಲೇಜೊಂದರ ಮೈದಾನ ಸೇರಿದೆ. ದೂರದ ಓಟಗಳಲ್ಲಿ ಇನ್ನೊಂದೇ ಸುತ್ತು ಬಾಕಿ ಎಂದು ಸಾರುವುದು ನನ್ನ ಕೆಲಸ.

ಇದೇನು ಮಹಾ ಎಂದು ನಗಬೇಡಿ. ಬಾಯಿ ತೆರೆದುಕೊಂಡು ಕಾಲೆಳೆಯುತ್ತ ಬರುವವರು ನನ್ನ ದನಿ ಕೇಳಿದ್ದೇ ತಡ, ಎಲ್ಲಿಂದಲೋ ಬಲ ತಂದುಕೊಂಡು ನುಗ್ಗುತ್ತಾರೆ. ಅಲ್ಲಿಯವರೆಗೆ ಆ ಬಲ ಎಲ್ಲಿ ಅಡಗಿತ್ತು? ಮುಗಿಯುತ್ತದೆ ಎಂದು ಗೊತ್ತಾಗುವ ತನಕ ಮನಸ್ಸು ಜಿಪುಣನ ಹಾಗೆ ಗಂಟು ಬಿಚ್ಚುವುದಿಲ್ಲ. ಅದನ್ನು ಬಿಚ್ಚಿಸುವುದು ನಾನೇ ಎಂದು ನನಗೆ ಸ್ವಲ್ಪ ಜಂಬವೂ ಇತ್ತು.

ಆ ಜಂಬ ಇಳಿದದ್ದು ಕಸ್ತೂರಿ ಬಡಿಗೇರ ಎಂಬ ಹುಡುಗಿ ಹತ್ತು ಸಾವಿರ ಮೀಟರ್ ಓಡಿದ ದಿನ. ಗೆದ್ದವಳಿಗಷ್ಟೇ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ. ಅವಳದು ಕಾಲೇಜಿನ ಕೊನೆಯ ವರ್ಷ; ಮತ್ತೆ ಅವಕಾಶವಿರಲಿಲ್ಲ. ಬೆಳಗಾವಿಯ ಹುಡುಗಿಯೊಬ್ಬಳು ಅವಳ ಬೆನ್ನಿಗೇ ಅಂಟಿಕೊಂಡು ಓಡುತ್ತಿದ್ದಳು. ಹಿಂದೆ ಬಿದ್ದವರನ್ನೆಲ್ಲ ಇವರಿಬ್ಬರೂ ಒಂದೊಂದು ಸುತ್ತು ಮುಂದಾಗಿ ದಾಟುತ್ತಿದ್ದರು. ಆ ಗೊಂದಲದಲ್ಲಿ ಸುತ್ತು ಎಣಿಸುತ್ತಿದ್ದ ಇನಾಮದಾರ ಸರ್ ಲೆಕ್ಕ ತಪ್ಪಿ, ಒಂದು ಸುತ್ತು ಮೊದಲೇ ನನ್ನನ್ನು ಬಾರಿಸಿಬಿಟ್ಟರು.

ಕಸ್ತೂರಿ ಇದ್ದಬದ್ದ ಶಕ್ತಿಯನ್ನೆಲ್ಲ ಸುರಿದು ಓಡಿದಳು. ಅವಳು ಆಚೆ ತಿರುವಿನಲ್ಲಿದ್ದಾಗ ತಪ್ಪು ಗೊತ್ತಾಗಿ ಸರ್ ಮುಖ ಬಿಳುಚಿತು. ಗೆರೆ ದಾಟಿ ಅವಳು ಕೈ ಮೇಲೆತ್ತಿದಾಗ ಸರ್ ಕೂಗಿದರು, "ನಿಲ್ಲಬ್ಯಾಡವಾ! ತಪ್ಪಾತು, ಇನ್ನೂ ಒಂದ್ ಸುತ್ತ ಅದ!"

"ಗಂಟಿ ಹೊಡದ್ರಲ್ರೀ ಸರ್!" ಎಂದವಳೇ ಕಸ್ತೂರಿ ಅಲ್ಲೇ ಕುಸಿದು ಕೂತಳು. ಬೆಳಗಾವಿಯ ಹುಡುಗಿ ಒಂದು ಕ್ಷಣ ತಡವರಿಸಿದಳು, ಆಮೇಲೆ ಅಳುತ್ತಲೇ ಮುಂದೆ ಹೋದಳು. ಓಡಿ ಬಂದು ಗೆದ್ದಳು.

ಆಗ ಕಸ್ತೂರಿ ಎದ್ದಳು. ಯಾರೂ ಕರೆಯದಿದ್ದರೂ ಉಳಿದಿದ್ದ ಆ ಒಂದು ಸುತ್ತನ್ನು ಒಬ್ಬಳೇ ಓಡಿದಳು, ಅಂದು ಓಡಿದ ಯಾವ ಸುತ್ತಿಗಿಂತಲೂ ಜೋರಾಗಿ. ಕಾಲು ಸೋತಿರಲಿಲ್ಲ, ಮುಗಿಯಿತೆಂದು ಮನಸ್ಸು ಅಂಗಡಿ ಮುಚ್ಚಿತ್ತು ಅಷ್ಟೆ. ಮುಚ್ಚಿಸಿದ್ದು ನನ್ನ ದನಿ.

ಸರ್ ನನ್ನನ್ನು ಸಾಮಾನಿನ ಕೋಣೆಯ ಮೊಳೆಗೆ ನೇತುಹಾಕಿದರು, ಮತ್ತೆ ಮುಟ್ಟಲಿಲ್ಲ. ನನ್ನ ಕೆಲಸ ಸೀಟಿಯ ಪಾಲಾಯಿತು. ವರ್ಷಗಳ ಮೇಲೆ ಆ ಕೋಣೆಗೆ ಬಂದು ನನ್ನನ್ನು ಕೇಳಿ ಪಡೆದವಳು ಕಸ್ತೂರಿಯೇ. ಈಗ ಅವಳು ಹುಡುಗಿಯರಿಗೆ ಓಟ ಕಲಿಸುತ್ತಾಳೆ. ಕೊನೆಯ ಸುತ್ತೆಂದು ನನ್ನನ್ನು ಬಾರಿಸುತ್ತಾಳೆ; ಅವರು ಜೀವ ಬಿಟ್ಟು ಓಡಿ ಬಂದ ಮೇಲೆ, "ಇನ್ನೊಂದ್ ಸುತ್ತ" ಎನ್ನುತ್ತಾಳೆ. ಹುಡುಗಿಯರು ಬೆನ್ನ ಹಿಂದೆ ಅವಳನ್ನೂ ನನ್ನನ್ನೂ ಸೇರಿಸಿಯೇ ಬೈಯುತ್ತಾರೆ.

ಮೊನ್ನೆ ಒಬ್ಬಳು ಗೆರೆಯ ಮೇಲೆ ಕೂತೇಬಿಟ್ಟಳು. "ಆಗೂದಿಲ್ರೀ ಅಕ್ಕಾ."

ಕಸ್ತೂರಿ ಗದರಲಿಲ್ಲ. ನನ್ನನ್ನು ಹುಲ್ಲಿನ ಮೇಲಿಟ್ಟು ಕೈ ಚಾಚಿದಳು. "ನನಗೂ ಹಿಂಗ ಅನಿಸಿತ್ತವಾ. ಏಳು, ನಾನೂ ಬರ್ತೀನಿ."

ಇಬ್ಬರೂ ಹೊರಟರು. ನಾಲಗೆ ಸವೆದ ಈ ಮುದಿ ಗಂಟೆ ಹುಲ್ಲಿನಲ್ಲಿ ಸುಮ್ಮನೆ ಕೂತು ನೋಡುತ್ತಿತ್ತು. ಆ ಸುತ್ತಿಗೆ ನಾನು ಬೇಕಾಗಿರಲಿಲ್ಲ.