ಮೊಣಕೈ ಮೇಲಿನ ಬಳೆಗಳು

ನನ್ನ ಬಾಯಿ ಜೋರು. ರಾಯಚೂರಿನಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿ ದುಡಿದವಳಿಗೆ ಬಾಯಿ ಜೋರಿಲ್ಲದಿದ್ದರೆ ನಡೆಯುವುದೂ ಇಲ್ಲ. ಆದರೆ ಆ ಬಾಯಿಂದಲೇ ದೇವದುರ್ಗದಲ್ಲಿ ಒಬ್ಬ ಒಳ್ಳೆಯ ಹೆಂಗಸಿನ ಅನ್ನ ಕಳೆಯುವುದರಲ್ಲಿದ್ದೆ. ಅದನ್ನು ಮುಚ್ಚಿಡುವವಳಲ್ಲ ಈ ರಜಿಯಾ ಬೇಗಂ.

ಅದು ತಿಂಗಳುಗಟ್ಟಲೆ ಮಲಗಿದವರ ಆಸ್ಪತ್ರೆ. ಲಕ್ವ ಹೊಡೆದವರು, ಬೆನ್ನುಮೂಳೆ ಮುರಿದವರು, ಒಟ್ಟು ಹದಿನೆಂಟು ಹಾಸಿಗೆ. ತಂದ ಕಾಯಿಲೆಗಿಂತ ಅಲ್ಲಿ ಹತ್ತಿದ ಸೋಂಕೇ ಅವರನ್ನು ಹೆಚ್ಚು ಕಾಡುತ್ತಿತ್ತು. ಒಬ್ಬನ ಮೂತ್ರದ ನಳಿಕೆಯಿಂದ ಪಕ್ಕದವನಿಗೆ, ಅವನಿಂದ ಆಚೆಯವನಿಗೆ, ಎಲ್ಲವೂ ನಮ್ಮ ಕೈಗಳ ಮೇಲೆ ಸವಾರಿ ಮಾಡಿಕೊಂಡೇ ಹೋಗುತ್ತಿತ್ತು. ಎಂಟು ಜನ ಆಯಾಗಳಿಗೆ ಸೋಂಕು ತಡೆಯುವ ತರಬೇತಿ ಕೊಟ್ಟು ರಾಯಚೂರಿನಲ್ಲಿ ಪರೀಕ್ಷೆಗೆ ನಿಲ್ಲಿಸುವುದು ನನ್ನ ಕೆಲಸ. ಪಾಸಾಗದವರಿಗೆ ಇನ್ನು ಮುಂದೆ ಕೆಲಸವಿಲ್ಲ ಎಂದು ಆಡಳಿತದವರು ಖಡಾಖಂಡಿತವಾಗಿ ಹೇಳಿದ್ದರು.

ಎಂಟು ಜನರಲ್ಲಿ ಹಿರಿಯಳು ಯಮನಮ್ಮ. ಗಬ್ಬೂರಿನ ಕುರಿ ಕಾಯುವ ಮನೆತನದವಳು, ಹನ್ನೊಂದು ವರ್ಷದ ಅನುಭವ. ಎರಡು ತಾಸಿಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕೆಂದು ನಾನು ಪಾಠ ಮಾಡುವ ಎಷ್ಟೋ ಮೊದಲಿನಿಂದಲೂ ಬದಲಿಸುತ್ತಿದ್ದವಳು. ನಳಿಕೆ ಸೋಂಕಿನ ಜ್ವರದಲ್ಲಿ ಮಲಗಿದ್ದ ನಾಲ್ಕನೇ ಹಾಸಿಗೆಯ ಮುದುಕಪ್ಪ ಅವಳ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಒಂದು ತುತ್ತು ತಿನ್ನುತ್ತಿರಲಿಲ್ಲ. ಆದರೆ ಅವಳ ಎರಡೂ ಮುಂಗೈ ತುಂಬ ಹಸಿರು ಗಾಜಿನ ಬಳೆಗಳು.

"ಮೊಣಕೈ ಕೆಳಗ ಏನೂ ಇರಬಾರ್ದು," ಎಂದೆ ಮೊದಲ ದಿನವೇ. "ಬಳಿ ಸಂದ್ಯಾಗ ಹೊಲಸು ಕುಂದರ್ತದ. ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ತಗೀರಿ ಎಲ್ಲಾರೂ."

ಏಳು ಜನ ಗೊಣಗುತ್ತ ತೆಗೆದು ಚೀಲಕ್ಕೆ ಹಾಕಿಕೊಂಡರು. ಯಮನಮ್ಮ ಮಾತ್ರ ಬಳೆ ಮುಟ್ಟಲಿಲ್ಲ.

"ನನ್ನ ಗಂಡ ಕುರಿ ಹೊಡಕೊಂಡು ಮಾನ್ವಿ ಕಡಿ ಹೋಗ್ಯಾನ್ರಿ ಸಿಸ್ಟರ್. ಅಂವ ತಿರುಗಿ ಮನಿಗೆ ಬರೋತನಕ ನಮ್ಮ ಮಂದ್ಯಾಗ ಕೈ ಬರಿದು ಮಾಡಂಗಿಲ್ಲ."

"ಬಳಿ ಬೇಕೋ ಕೆಲ್ಸ ಬೇಕೋ? ಎರಡ್ರಾಗ ಒಂದು ಹೇಳ್ರಿ," ಎಂದು ಎಲ್ಲರೆದುರಿಗೇ ರೇಗಿದೆ. ಅವಳು ಮುದುಕಪ್ಪನ ಮಗ್ಗುಲು ಬದಲಿಸಲು ಹೊರಟುಬಿಟ್ಟಳು. ಜಗಳಕ್ಕೆ ಬಂದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಮರುದಿನ ಅವಳಿಗೆ ಬುದ್ಧಿ ಕಲಿಸಬೇಕೆಂದೇ ನೀಲಿ ದೀಪ ತಂದೆ. ಕೈಗೆ ಒಂದು ಲೋಷನ್ ಹಚ್ಚಿಕೊಂಡು, ಸೋಪಿನಿಂದ ತೊಳೆದು, ಕತ್ತಲೆ ಕೋಣೆಯಲ್ಲಿ ಆ ದೀಪದ ಕೆಳಗೆ ಹಿಡಿದರೆ ತೊಳೆಯದೆ ಉಳಿದ ಜಾಗವೆಲ್ಲ ಹೊಳೆಯುತ್ತದೆ. ಎಲ್ಲರೂ ಹಚ್ಚಿಕೊಂಡರು. ತೋರಿಸಿಕೊಡಲೆಂದು ನಾನೂ ಹಚ್ಚಿಕೊಂಡು ತೊಳೆದೆ. ಕಿಟಕಿಗಳ ಪರದೆ ಎಳೆದು ದೀಪ ಹಾಕಿದೆ. ಯಮನಮ್ಮನ ಬಳೆಗಳ ಸಾಲೆಲ್ಲ ಜಗಜಗಿಸುತ್ತಿತ್ತು.

"ಈಗ ಕಂಡಿತೇನು?" ಎಂದು ಗೆದ್ದವಳ ಹಾಗೆ ಕೈ ಚಾಚಿ ತೋರಿಸಿದೆ. ಚಾಚಿದ ನನ್ನ ಕೈಯಲ್ಲಿ ಗಡಿಯಾರದ ಪಟ್ಟಿಯ ಸುತ್ತಲೂ ಅಷ್ಟೇ ಬೆಳ್ಳಗೆ ಹೊಳೆಯುತ್ತಿತ್ತು.

ಹಿಂದೆ ನಿಂತಿದ್ದ ನೇತ್ರಾವತಿ ಕಿಸಕ್ಕೆಂದಳು. ಅವಳು ಎಂಟು ಜನರಲ್ಲಿ ಚಿಕ್ಕವಳು. ಯಮನಮ್ಮ ನಗಲಿಲ್ಲ.

"ನೀವು ಗಡಿಯಾರ ಬಿಚ್ಚಿದ್ರ ನಿಮ್ಮ ಗಂಡಗ ಏನಾತು ಅಂತ ಯಾರೂ ಕೇಳಂಗಿಲ್ರಿ ಸಿಸ್ಟರ್. ಆದ್ರೂ ನೀವು ಬಿಚ್ಚಿಲ್ಲ."

ನನಗೆ ನಾಚಿಕೆಯಾಯಿತು. ಎಷ್ಟೋ ವರ್ಷಗಳಿಂದ ಅದು ಕೈಮೇಲಿದೆ ಎಂಬುದೇ ನನಗೆ ಮರೆತುಹೋಗಿತ್ತು. ಅಲ್ಲೇ ಬಿಚ್ಚಿ ಪರ್ಸಿಗೆ ಹಾಕಿ, "ತಪ್ಪು ನನ್ದು," ಎಂದೆ. ಆದರೆ ಗಡಿಯಾರ ಬಿಚ್ಚಿದಷ್ಟು ಸುಲಭವಾಗಿ ಅವಳ ಬಳೆಯ ಪ್ರಶ್ನೆ ಬಗೆಹರಿಯುವಂತಿರಲಿಲ್ಲ. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಯಮನಮ್ಮ ಗಂಡ ಗದ್ದೆಪ್ಪನಿಗೆ ಫೋನ್ ಹಚ್ಚಿದಳು. ಮಾನ್ವಿ ಕಡೆಯ ಮಲ್ಲಟದ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಅವನ ಕುರಿ ಮೇಯುತ್ತಿದ್ದವು. ಸ್ಪೀಕರಿನಲ್ಲಿ ಅವನ ದನಿಗಿಂತ ಕುರಿಗಳ ದನಿಯೇ ಹೆಚ್ಚು. ಬಳೆಯ ಸಲುವಾಗಿ ಕೆಲಸ ಬಿಡಬೇಕಾಗಬಹುದು ಎಂದು ಅವಳು ಹೇಳಿದಳು.

"ಹುಚ್ಚಿ ಅದೀ ಏನು!" ಎಂದು ಅವನು ಅಲ್ಲಿಂದಲೇ ಕೂಗಿದ. "ಹುಳ ಬಿದ್ದ ಕುರಿ ಗಾಯ ತೊಳಿಯೋ ಮುಂದ ನಾ ಬೆಳ್ಳಿ ಕಡಗ ಏನ್ ಮಾಡ್ತೀನಿ? ಬಿಚ್ಚಿ ಒಗೀತೀನೇನು? ತೋಳಿಗೆ ಏರಿಸ್ಕೊಂತೀನಿ. ನೀನೂ ಏರಿಸು."

ಯಮನಮ್ಮ ಏರಿಸಿ ನೋಡಿದಳು. ಮುಂಗೈ ಅರ್ಧ ದಾಟುತ್ತಿದ್ದಂತೆ ಬಳೆಗಳು ಸಿಕ್ಕಿಕೊಂಡವು. ಆದರೆ ನನ್ನ ತಲೆಯಲ್ಲಿ ದಾರಿ ತೆರೆದಿತ್ತು. ಊಟ ಅರ್ಧಕ್ಕೇ ಬಿಟ್ಟು ಬಸ್ ಸ್ಟ್ಯಾಂಡಿನ ಬಳೆ ಅಂಗಡಿಯ ಲತೀಫಾಳ ಹತ್ತಿರ ಓಡಿದೆ.

"ತೋಳಿನ ಅಳತಿ ಬಳಿ ಸಿಗ್ತಾವೇನು?"

"ತೋಳ ತುಂಬ ಬಳಿ ಹಾಕೋ ತಾಂಡಾದ ಹೆಣ್ಮಕ್ಕಳಿಗೆ ಕೊಡಂಗಿಲ್ಲೇನು ನಾನು?" ಎಂದು ಲತೀಫಾ ನನ್ನನ್ನೇ ಗದರಿದಳು. "ಹಸಿರು ಬೇಕಂದ್ರ ಹಸಿರೂ ಅದಾವು. ನಡೀರಿ."

ಆಸ್ಪತ್ರೆಯ ಜಗಲಿಯ ಮೇಲೆ ಕುಳಿತು ಲತೀಫಾ ಮೊದಲು ಯಮನಮ್ಮನ ಎರಡೂ ತೋಳಿಗೆ ದೊಡ್ಡ ಬಳೆ ಏರಿಸಿದಳು. ಅವು ಜಾರದಂತೆ ಬಟ್ಟೆಯ ಪಟ್ಟಿ ಕಟ್ಟಿದಳು. ಆಮೇಲಷ್ಟೇ ಸೋಪು ಹಚ್ಚಿ ಮುಂಗೈಯ ಬಳೆಗಳನ್ನು ಒಂದೊಂದಾಗಿ ಜಾರಿಸಿದಳು. ಒಂದು ಕ್ಷಣವೂ ಕೈ ಬರಿದಾಗಲಿಲ್ಲ. ಬಳೆಗಳಿದ್ದ ಜಾಗದ ತಿಳಿ ಬಣ್ಣವನ್ನು ಸವರಿಕೊಂಡು ಯಮನಮ್ಮ ಅತ್ತಳು. ನನಗೂ ತಡೆಯಲಾಗಲಿಲ್ಲ.

ಅಂದಿನಿಂದ ಅವಳನ್ನು ಹಿಡಿಯುವವರೇ ಇರಲಿಲ್ಲ. ಹೆಬ್ಬೆರಳ ಬುಡ, ಉಗುರಿನ ಸಂದು, ಮಣಿಕಟ್ಟು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಪ್ರತಿ ಹಾಸಿಗೆಗೂ ಮುಂಚೆ ತೊಳೆದಳು, ಮುಟ್ಟಿದ ಮೇಲೂ ತೊಳೆದಳು. ಕೈಗವಸು ಬದಲಿಸದೆ ಪಕ್ಕದ ಹಾಸಿಗೆಗೆ ಹೊರಟ ನೇತ್ರಾವತಿಯನ್ನು ಸೆರಗು ಹಿಡಿದು ನಿಲ್ಲಿಸಿದಳು.

ರಾಯಚೂರಿನ ಪರೀಕ್ಷೆಗೆ ಮಾನ್ವಿ ಆಸ್ಪತ್ರೆಯ ಹೆಂಗಸರೂ ಬಂದಿದ್ದರು. ಅವರಲ್ಲಿ ಐದು ಜನ ಗಾಜಿನ ಬಳೆ ತೆಗೆಯಲೊಪ್ಪದೆ ಗೋಡೆಗಂಟಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಪರೀಕ್ಷಕ ಡಾಕ್ಟರ್ ಸುಭಾಷ್ ಯಮನಮ್ಮನ ತೋಳು ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಮ್ಮ ಇದು? ಬಳಿ ಹಾಕಬಾರದು ಅಂತ ಹೇಳಿಲ್ಲೇನು?"

"ನಿಮ್ಮ ಪುಸ್ತಕದಾಗ ಮೊಣಕೈ ಕೆಳಗ ಅಂತ ಅದ್ರಿ ಸಾಹೇಬ್ರ. ಇವು ಮ್ಯಾಲ ಅದಾವು."

ಅವಳು ಲೋಷನ್ ಹಚ್ಚಿ ತೊಳೆದ ಮೇಲೆ ಅವರು ನೀಲಿ ದೀಪ ಹತ್ತಿರ ತಂದರು. ಅಂಗೈ, ಹಿಂಗೈ, ಉಗುರು, ಮಣಿಕಟ್ಟು, ಎಲ್ಲೂ ಸಾಸಿವೆಯಷ್ಟೂ ಹೊಳಪಿಲ್ಲ. ನಂಬದೆ ಇನ್ನೊಮ್ಮೆ ನೋಡಿದರು. ಅಂದು ದೀಪದ ಕೆಳಗೆ ಬಂದ ಅಷ್ಟೂ ಕೈಗಳಲ್ಲಿ ಒಂದು ಚುಕ್ಕೆಯೂ ಇಲ್ಲದವು ಅವಳವೇ. ನಾನು ಪರೀಕ್ಷೆಯೆಂಬುದನ್ನೂ ಮರೆತು ಚಪ್ಪಾಳೆ ಹೊಡೆದೆ. ನಮ್ಮ ಉಳಿದ ಏಳೂ ಜನ ಸೀಟಿ ಹೊಡೆಯುವುದೊಂದು ಬಾಕಿ.

ಡಾಕ್ಟರು ಗೋಡೆಯ ಕಡೆ ತಿರುಗಿ ಮಾನ್ವಿಯ ಐವರನ್ನು ನೋಡಿದರು. ಆಮೇಲೆ ಯಮನಮ್ಮನಿಗೆ, "ಇವರಿಗೂ ಕಲಿಸ್ತೀರೇನು?" ಎಂದು ಕೇಳಿದರು.

ಎರಡು ತಿಂಗಳಾಯಿತು. ನಮ್ಮ ವಾರ್ಡಿನಲ್ಲಿ ಒಂದೂ ಹೊಸ ನಳಿಕೆ ಸೋಂಕಿಲ್ಲ. ಮುದುಕಪ್ಪ ಜ್ವರ ಬಿಟ್ಟು ಕುರ್ಚಿಯಲ್ಲಿ ಕೂರುತ್ತಾನೆ. ಮೊನ್ನೆ ಮಾನ್ವಿಯಲ್ಲಿ ತರಬೇತಿ ಇತ್ತು. ಕಲಿಸಲು ಮುಂದೆ ನಿಂತವಳು ಯಮನಮ್ಮ, ದೀಪ ಹಿಡಿದು ಪಕ್ಕದಲ್ಲಿ ನಿಂತವಳು ನಾನು. ಆ ಐವರ ತೋಳಿನ ಮೇಲೂ ಹಸಿರು ಬಳೆ. ಗದ್ದೆಪ್ಪ ಕುರಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದು ಬಾಗಿಲ ಹೊರಗೆ ನಿಂತು ಹೆಂಡತಿಯನ್ನು ಕಣ್ಣು ತುಂಬ ನೋಡುತ್ತಿದ್ದ.

ಅಷ್ಟರಲ್ಲಿ ಡಾಕ್ಟರ್ ಸುಭಾಷ್ ಒಳಗೆ ಕಾಲಿಟ್ಟರು. ಯಮನಮ್ಮ ಪಾಠ ನಿಲ್ಲಿಸಿ ಅವರ ಕೈ ನೋಡಿದಳು.

"ಬರ್ರಿ ಸಾಹೇಬ್ರ," ಎಂದಳು. "ಗಡಿಯಾರ ಬಿಚ್ಚಿಟ್ಟು ಬರ್ರಿ."

ಡಾಕ್ಟರು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ನಲ್ಲಿಯ ಮುಂದಿನ ಸಾಲಿನಲ್ಲಿ ಕೊನೆಯವರಾಗಿ ನಿಂತರು.